ಮೇ ಆಂಟಿಗೆ ಟೋಸ್ಟರ್ ಸಿಗಲಿಲ್ಲ

‘ಸ್ಪೈಡರ್‌ಮ್ಯಾನ್ 2’ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ನಾಲ್ಕು ಉಕ್ಕಿನ ತೋಳುಗಳ ಡಾಕ್ಟರ್ ಆಕ್ಟೋಪಸ್ ಬ್ಯಾಂಕಿಗೆ ನುಗ್ಗಿ ತಿಜೋರಿಯ ಬಾಗಿಲನ್ನೇ ಕಿತ್ತೆಸೆಯುವ ದೃಶ್ಯ. ಆತ ಒಳಗೆ ಬರುವ ಮುನ್ನ ಅದೇ ಬ್ಯಾಂಕಿನಲ್ಲಿ ಇನ್ನೊಂದು ಪ್ರಸಂಗ ನಡೆದಿರುತ್ತದೆ. ಪೀಟರ್ ಪಾರ್ಕರ್‌ನನ್ನು ಸಾಕಿ ಬೆಳೆಸಿದ ಮೇ ಆಂಟಿ ಮನೆಸಾಲದ ವಿಚಾರ ಮಾತಾಡಲು ಅವನನ್ನೂ ಕರೆದುಕೊಂಡು ಬಂದಿದ್ದಾಳೆ. ಗಂಡ ತೀರಿಕೊಂಡಿದ್ದಾನೆ, ಕಂತು ಬಾಕಿ ಬಿದ್ದಿದೆ, ಮನೆ ಕೈತಪ್ಪುವ ಹಂತಕ್ಕೆ ಬಂದಿದೆ. ಪಿಯಾನೊ ಪಾಠ ಹೇಳಿಕೊಡುತ್ತಿದ್ದೇನೆ, ಹೇಗಾದರೂ ತೀರಿಸುತ್ತೇನೆ ಎಂದು ಆಕೆ ಲೆಕ್ಕ ಒಪ್ಪಿಸುತ್ತಾಳೆ. ಮೇಜಿನ ಆಚೆ ಕೂತ ಅಧಿಕಾರಿ ನಗುಮುಖದಿಂದಲೇ ಆಗುವುದಿಲ್ಲ ಎನ್ನುತ್ತಾನೆ. ಹೋಗಲಿ, ಬ್ಯಾಂಕಿನವರು ಕೊಡುವ ಟೋಸ್ಟರಾದರೂ ಬಂತಲ್ಲ ಎಂದರೆ ಅದೂ ಇಲ್ಲ. ಅದಕ್ಕೆ 300 ಡಾಲರ್ ಠೇವಣಿ ಇಡಬೇಕಂತೆ.

ಈ ಮಾತುಕತೆಯಿಂದ ಖಳನಾಯಕನ ಕಥೆಗೆ ನಯಾಪೈಸೆಯ ಲಾಭವಿಲ್ಲ. ಕತ್ತರಿ ಹಾಕಿದ್ದರೂ ಆಕ್ಟೋಪಸ್ ಬರುತ್ತಿದ್ದ, ಬಾಗಿಲು ಕೀಳುತ್ತಿದ್ದ, ಮುದುಕಿಯನ್ನು ಒತ್ತೆಯಾಳಾಗಿ ಎಳೆದುಕೊಂಡು ಕಟ್ಟಡದ ಗೋಡೆ ಹತ್ತುತ್ತಿದ್ದ. ಆದರೆ ಆಗ ಅಲ್ಲಿ ನೇತಾಡುತ್ತಿದ್ದವಳು ಬರೀ ಒಬ್ಬ ಮುದುಕಿಯಾಗಿರುತ್ತಿದ್ದಳು. ಈಗ ಹಾಗಲ್ಲ. ಸಾಲ ಸಿಗದೆ, ಟೋಸ್ಟರೂ ಸಿಗದೆ, ಮರ್ಯಾದೆ ಬಿಡದೆ ಎದ್ದು ನಿಂತ ಒಬ್ಬ ಹೆಂಗಸು ಅಲ್ಲಿ ನೇತಾಡುತ್ತಿದ್ದಾಳೆ. ಆಕ್ಟೋಪಸ್ ಬೆನ್ನ ಹಿಂದಿನಿಂದ ಸ್ಪೈಡರ್‌ಮ್ಯಾನ್‌ನನ್ನು ಇರಿಯಲು ಹೊರಟಾಗ ಆಕೆ ತನ್ನ ಕೊಡೆ ಎತ್ತಿ ಅವನಿಗೊಂದು ಬಾರಿಸುತ್ತಾಳೆ. ಚಿತ್ರಮಂದಿರದಲ್ಲಿ ಅದಕ್ಕೆ ಬಿದ್ದ ಚಪ್ಪಾಳೆಯನ್ನು ಕಟ್ಟಿದ್ದು ಹಿಂದಿನ ಆ ಎರಡು ನಿಮಿಷ.

ಸೂಪರ್‌ಹೀರೋ ಚಿತ್ರಗಳ ಎರಡನೇ, ಮೂರನೇ ಭಾಗಗಳು ಪೋಷಕ ಪಾತ್ರಗಳನ್ನು ಹೇಗೆ ನಡೆಸಿಕೊಳ್ಳುತ್ತವೆ ಎಂಬುದು ಅಭಿಮಾನಿಗಳ ಚಿಲ್ಲರೆ ತಕರಾರು ಎಂದು ನಾನು ಒಪ್ಪುವುದಿಲ್ಲ. ಆ ಚಿತ್ರಗಳ ಪ್ರಾಣ ಇರುವುದೇ ಅಲ್ಲಿ. ಹಾರಬಲ್ಲ, ಗುಂಡು ತಾಗದ ಮನುಷ್ಯನ ಬಗ್ಗೆ ನಮಗೆ ಹೆದರಿಕೆ ಹುಟ್ಟುವುದಿಲ್ಲ. ಹೆದರಿಕೆ ಹುಟ್ಟುವುದು ಅವನ ಪಕ್ಕದಲ್ಲಿರುವ ಹಾರಲಾರದವರ ಬಗ್ಗೆ. ಆ ಹಾರಲಾರದವರಿಗೆ ನಾಯಕನಿಗೆ ಸಂಬಂಧವಿಲ್ಲದ ಒಂದು ಆಸೆ, ಒಂದು ತಲೆನೋವು, ಒಂದು ಕೆಲಸ ಇದ್ದರೆ ಮಾತ್ರ ಅವರು ಮನುಷ್ಯರಾಗಿ ಕಾಣುತ್ತಾರೆ. ಮೊದಲ ಭಾಗದಲ್ಲಿ ಇದು ಹೇಗೋ ಆಗುತ್ತದೆ, ಯಾಕೆಂದರೆ ನಾಯಕನೇ ಇನ್ನೂ ಮನೆಯಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ ಇರುತ್ತಾನೆ. ಪರೀಕ್ಷೆ ಶುರುವಾಗುವುದು ಎರಡನೇ ಭಾಗದಿಂದ.

ಕಾಮಿಕ್ಸ್ ಪುಸ್ತಕಗಳಿಗೆ ಈ ಕಷ್ಟ ಇರಲಿಲ್ಲ. ಸ್ಪೈಡರ್‌ಮ್ಯಾನ್ ಹುಟ್ಟಿದ್ದು 1962ರಲ್ಲಿ, ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಕೈಯಲ್ಲಿ. ಮರುವರ್ಷವೇ ಪತ್ರಿಕಾ ಪ್ರಕಾಶಕ ಜೆ. ಜೋನಾ ಜೇಮ್ಸನ್ ಬಂದ. ತಿಂಗಳು ತಿಂಗಳೂ ಸಂಚಿಕೆ ಬರುತ್ತಿದ್ದಾಗ ಮೇ ಆಂಟಿಯ ಕಾಯಿಲೆಗೂ ಜೇಮ್ಸನ್‌ನ ಸಿಡುಕಿಗೂ ಪುಟಗಳು ಸಿಗುತ್ತಿದ್ದವು. ಸೂಪರ್‌ಮ್ಯಾನ್ ಕಥೆಯ ಜಿಮ್ಮಿ ಓಲ್ಸನ್, ಪೆರ್ರಿ ವೈಟ್ ಈ ಇಬ್ಬರಿಗೂ ಹೆಸರು, ರೂಪ ಸಿಕ್ಕಿದ್ದು 1940ರಲ್ಲಿ ಶುರುವಾದ ರೇಡಿಯೊ ನಾಟಕ ಸರಣಿಯಲ್ಲಿ. ರೇಡಿಯೊದಲ್ಲಿ ನಾಯಕ ಒಬ್ಬನೇ ಹಾರಿಕೊಂಡಿದ್ದರೆ ಕೇಳುಗನಿಗೆ ಏನೂ ತಿಳಿಯುವುದಿಲ್ಲ. ಮಾತಾಡಲು ಎದುರಿಗೊಬ್ಬರು ಬೇಕೇ ಬೇಕು. ಬ್ಯಾಟ್‌ಮ್ಯಾನ್‌ನ ಮನೆಯಾಳು ಆಲ್ಫ್ರೆಡ್ ಮೊದಲು ದಪ್ಪಗಿದ್ದ. 1943ರ ಚಲನಚಿತ್ರ ಧಾರಾವಾಹಿಯಲ್ಲಿ ತೆಳ್ಳಗಿನ, ಸಣ್ಣ ಮೀಸೆಯ ನಟ ಆ ಪಾತ್ರ ಮಾಡಿದ ಮೇಲೆ ಕಾಮಿಕ್ಸ್ ಪುಸ್ತಕವೇ ಅವನನ್ನು ತೆಳ್ಳಗೆ ಮಾಡಿಕೊಂಡಿತು. ಹೀಗೆ ಎಷ್ಟೋ ಕೈ ಸೇರಿ, ವರ್ಷಗಟ್ಟಲೆ ಮೈದುಂಬಿಸಿಕೊಂಡ ಪಾತ್ರಗಳಿವು.

ಸಿನಿಮಾಕ್ಕೆ ಇರುವುದು ಎರಡು-ಮೂರು ವರ್ಷಕ್ಕೊಮ್ಮೆ ಸಿಗುವ ಎರಡು-ಎರಡೂವರೆ ಗಂಟೆ. ಎರಡನೇ ಭಾಗ ಎಂದಮೇಲೆ ಖಳನಾಯಕ ಒಬ್ಬ ಸಾಲದು, ಇಬ್ಬರು ಬೇಕು, ಮೂರನೆಯದಕ್ಕೆ ಮೂವರು. ಮುಂದಿನ ಚಿತ್ರಕ್ಕೆ ಪೀಠಿಕೆ ಹಾಕಬೇಕು. ಹೊಸ ಆಟಿಕೆ ಮಾರಾಟವಾಗಬೇಕು. ಇದು ಊಹೆಯ ಮಾತಲ್ಲ. ‘ಐರನ್ ಮ್ಯಾನ್ 3’ ಚಿತ್ರದ ನಿರ್ದೇಶಕ ಶೇನ್ ಬ್ಲ್ಯಾಕ್ 2016ರಲ್ಲಿ ತಾವೇ ಹೇಳಿದ್ದಾರೆ: ಮೊದಲ ಚಿತ್ರಕಥೆಯಲ್ಲಿ ಖಳನಾಯಕಿ ಒಬ್ಬ ಹೆಂಗಸಾಗಿದ್ದಳು, ಹೆಣ್ಣು ಖಳಪಾತ್ರದ ಆಟಿಕೆ ಅಷ್ಟು ಮಾರಾಟವಾಗದು ಎಂಬ ಕಾರಣಕ್ಕೆ ಅದು ಬದಲಾಯಿತು. ಹಾಗಾಗಿ ರೆಬೆಕಾ ಹಾಲ್ ಮಾಡಿದ ವಿಜ್ಞಾನಿ ಮಾಯಾ ಹ್ಯಾನ್ಸನ್ ಭರ್ಜರಿಯಾಗಿ ಪ್ರವೇಶಿಸುತ್ತಾಳೆ, ಏನೋ ಮಾಡುತ್ತಾಳೆ ಎಂದು ನಾವು ಕಾಯುವಷ್ಟರಲ್ಲಿ ಒಂದು ಗುಂಡಿಗೆ ಮುಗಿದುಹೋಗುತ್ತಾಳೆ.

ಇದೆಲ್ಲದರ ನಡುವೆ ಹಳೆಯ ಗೆಳೆಯರಿಗೆ, ಪ್ರೇಯಸಿಗೆ, ಅಡುಗೆಮನೆಗೆ ಜಾಗ ಎಲ್ಲಿ?

ಎಲ್ಲಕ್ಕಿಂತ ಸುಲಭದ ದಾರಿ ಮಾಯ ಮಾಡಿಬಿಡುವುದು. 1989ರ ‘ಬ್ಯಾಟ್‌ಮ್ಯಾನ್’ನಲ್ಲಿ ವಿಕಿ ವೇಲ್‌ಗೆ ನಾಯಕನ ಗುಟ್ಟು ತಿಳಿಯುತ್ತದೆ. ಆಲ್ಫ್ರೆಡ್ ಆಕೆಯನ್ನು ಗುಹೆಯೊಳಗೇ ಕರೆತರುತ್ತಾನೆ. ಅಷ್ಟು ದೊಡ್ಡ ಹೆಜ್ಜೆ ಇಟ್ಟ ಆಕೆ 1992ರ ‘ಬ್ಯಾಟ್‌ಮ್ಯಾನ್ ರಿಟರ್ನ್ಸ್’ನಲ್ಲಿ ಬಾಯಿಮಾತಾಗಿ ಉಳಿದಿದ್ದಾಳೆ. ಮೊದಲ ಚಿತ್ರದಲ್ಲಿ ಹಾರ್ವಿ ಡೆಂಟ್ ಆಗಿದ್ದ ಬಿಲ್ಲಿ ಡೀ ವಿಲಿಯಮ್ಸ್ ಮುಂದೆ ಎರಡು ಮುಖದ ಖಳನಾಗುತ್ತಾರೆ ಎಂದು ಕಾದವರಿಗೆ 1995ರಲ್ಲಿ ಸಿಕ್ಕಿದ್ದು ಟಾಮಿ ಲೀ ಜೋನ್ಸ್. ಇನ್ನು ‘ಸೂಪರ್‌ಮ್ಯಾನ್ 3’ (1983) ಮಾಡಿದ್ದಂತೂ ಅನ್ಯಾಯ. ಹಿಂದಿನ ಭಾಗದಲ್ಲಿ ಇಡೀ ಕಥೆಯನ್ನು ಹೊತ್ತಿದ್ದ ಲೋಯಿಸ್ ಲೇನ್ ಇಲ್ಲಿ ಆರಂಭದಲ್ಲೇ ರಜೆಗೆಂದು ಬರ್ಮುಡಾಕ್ಕೆ ಹೊರಟು, ಚಿತ್ರ ಮುಗಿಯುವ ಹೊತ್ತಿಗೆ ವಾಪಸಾಗುತ್ತಾಳೆ. ಮೊದಲ ನಿರ್ದೇಶಕ ರಿಚರ್ಡ್ ಡಾನರ್ ಅವರನ್ನು ಕೈಬಿಟ್ಟದ್ದನ್ನು ನಟಿ ಮಾರ್ಗೊ ಕಿಡರ್ ಬಹಿರಂಗವಾಗಿ ಟೀಕಿಸಿದ್ದರು; ಪಾತ್ರ ಕುಗ್ಗಿದ್ದಕ್ಕೆ ಅದೇ ಕಾರಣ ಎಂಬ ಮಾತು ಅಂದಿನಿಂದಲೂ ಇದೆ. ಕಾರಣ ಏನೇ ಇರಲಿ, ಪರದೆಯ ಮೇಲೆ ಕಾಣುವುದು ಒಬ್ಬ ದಿಟ್ಟ ವರದಿಗಾರ್ತಿಯನ್ನು ಸೂಟ್‌ಕೇಸಿನ ಜೊತೆ ಸಾಗಹಾಕಿದ್ದು.

ಮಾಯ ಮಾಡುವುದಕ್ಕಿಂತ ಕೆಟ್ಟದ್ದು ಕಣ್ಣು ಮುಚ್ಚಿ ಕೊಲ್ಲುವುದು. ‘ಎಕ್ಸ್-ಮೆನ್: ದ ಲಾಸ್ಟ್ ಸ್ಟ್ಯಾಂಡ್’ (2006) ನೋಡಿ. ಸೈಕ್ಲಾಪ್ಸ್ ಎಂದರೆ ಆ ತಂಡದ ಮುಂದಾಳು. ಪ್ರೀತಿಸಿದ ಜೀನ್ ಗ್ರೇ ಸತ್ತಳೆಂದು ಕೊರಗುತ್ತ ಆತ ಸರೋವರದ ದಡಕ್ಕೆ ಹೋಗುತ್ತಾನೆ. ಆಕೆ ಜೀವಂತವಾಗಿ ಎದುರು ನಿಲ್ಲುತ್ತಾಳೆ. ಒಂದು ಮುತ್ತು, ಅಷ್ಟೇ. ಮುಂದೆ ಅವನ ಗೆಳೆಯರು ಅಲ್ಲಿಗೆ ಬಂದಾಗ ಕಾಣಸಿಗುವುದು ಗಾಳಿಯಲ್ಲಿ ತೇಲುವ ಅವನ ಕನ್ನಡಕ. ಆತ ಸತ್ತದ್ದನ್ನೂ ನಮಗೆ ತೋರಿಸಲಿಲ್ಲ. ನಟ ಜೇಮ್ಸ್ ಮಾರ್ಸ್‌ಡನ್ ಅದೇ ವರ್ಷ ಬ್ರಯಾನ್ ಸಿಂಗರ್ ನಿರ್ದೇಶನದ ‘ಸೂಪರ್‌ಮ್ಯಾನ್ ರಿಟರ್ನ್ಸ್’ನಲ್ಲೂ ಇದ್ದರು, ದಿನಾಂಕಗಳ ಹೊಂದಾಣಿಕೆ ಎಷ್ಟು ಕಷ್ಟ ಎಂದು ಅರ್ಥವಾಗುತ್ತದೆ. ಆದರೆ ಎರಡು ಚಿತ್ರ ಜೊತೆಗೆ ನಡೆದುಬಂದ ಪ್ರೇಕ್ಷಕನಿಗೆ ದಿನಾಂಕದ ಕಥೆ ಬೇಕಿಲ್ಲ. ಅವನಿಗೆ ಒಬ್ಬ ಮನುಷ್ಯ ಹೋದ ನೋವು ಬೇಕು. ಕೊನೆಗೆ ಗೋರಿಗಲ್ಲೊಂದನ್ನು ನೆಟ್ಟಿದ್ದಾರೆ, ನಿಜ. ಅದರ ಮುಂದೆ ನಿಂತು ಅಳಲು ಚಿತ್ರಕ್ಕೆ ಪುರುಸೊತ್ತಿಲ್ಲ.

ವಿಚಿತ್ರವೆಂದರೆ ಅದೇ ಚಿತ್ರದಲ್ಲಿ ಪೋಷಕ ಪಾತ್ರವೊಂದಕ್ಕೆ ಸಿಕ್ಕ ಅತ್ಯಂತ ಕ್ರೂರ, ಅತ್ಯಂತ ಸತ್ಯವಾದ ಗಳಿಗೆಯೂ ಇದೆ. ನೀಲಿ ಮೈಯ ಮಿಸ್ಟಿಕ್, ಖಳನಾಯಕ ಮ್ಯಾಗ್ನೀಟೊನ ಬಲಗೈ. ಎರಡು ಚಿತ್ರಗಳಲ್ಲಿ ಅವನಿಗಾಗಿ ಏನೆಲ್ಲ ಮಾಡಿದವಳು. ಸೆರೆವಾಹನದಿಂದ ಆಕೆಯನ್ನು ಅವನು ಬಿಡಿಸುತ್ತಿದ್ದಾಗ ಕಾವಲುಗಾರ ‘ಮದ್ದು’ ತುಂಬಿದ ಬಾಣ ಹಾರಿಸುತ್ತಾನೆ. ವಿಶೇಷ ಶಕ್ತಿಯನ್ನೆಲ್ಲ ಅಳಿಸಿ ಸಾಮಾನ್ಯ ಮನುಷ್ಯರನ್ನಾಗಿ ಮಾಡುವ ಮದ್ದು ಅದು. ಮಿಸ್ಟಿಕ್ ಅಡ್ಡ ಹಾರಿ ಅದನ್ನು ತನ್ನ ಮೈಮೇಲೆ ತೆಗೆದುಕೊಳ್ಳುತ್ತಾಳೆ. ನೀಲಿ ಬಣ್ಣ ಕರಗುತ್ತದೆ. ಬೆತ್ತಲೆ ಹೆಂಗಸೊಬ್ಬಳು ನೆಲದ ಮೇಲೆ ನಡುಗುತ್ತಿದ್ದಾಳೆ. ಮ್ಯಾಗ್ನೀಟೊ ಆಕೆಯನ್ನು ನೋಡಿ, ನೀನಿನ್ನು ನಮ್ಮವಳಲ್ಲ ಎಂದು ಹೇಳಿ ಹೊರಟುಹೋಗುತ್ತಾನೆ. ಹೋಗುವಾಗ ಅವನ ಮುಖದಲ್ಲಿ ಮರುಕವೂ ಇದೆ, ಅದೇ ಇನ್ನೂ ಭಯಂಕರ. ಒಂದು ಚಳವಳಿ ತನ್ನ ನಿಷ್ಠಾವಂತರನ್ನು ಹೇಗೆ ಬಳಸಿ ಬಿಸಾಡುತ್ತದೆ ಎಂದು ಒಂದೂವರೆ ನಿಮಿಷದಲ್ಲಿ ಹೇಳುವ ದೃಶ್ಯ ಅದು. ಮುಂದೆ ಆಕೆ ಅವನ ಅಡಗುತಾಣದ ಸುಳಿವನ್ನು ಸರ್ಕಾರಕ್ಕೆ ಕೊಡುವುದೂ ಅಷ್ಟೇ ನ್ಯಾಯವಾಗಿದೆ. ಸೈಕ್ಲಾಪ್ಸ್‌ಗೆ ಸಿಗದ ಮರ್ಯಾದೆ ಮಿಸ್ಟಿಕ್‌ಗೆ ಸಿಕ್ಕಿದ್ದು ಯಾಕೆ? ಆಕೆ ಅಲ್ಲಿ ಒಂದು ತೀರ್ಮಾನ ಮಾಡುತ್ತಾಳೆ, ಅದಕ್ಕೆ ಬೆಲೆ ತೆರುತ್ತಾಳೆ. ಸೈಕ್ಲಾಪ್ಸ್‌ನನ್ನು ಚಿತ್ರ ದಾರಿಯಿಂದ ಪಕ್ಕಕ್ಕೆ ಸರಿಸುತ್ತದೆ, ಅಷ್ಟೇ.

ಅದೇ ಸರಣಿಯ ‘ಡೇಸ್ ಆಫ್ ಫ್ಯೂಚರ್ ಪಾಸ್ಟ್’ (2014) ಇನ್ನೂ ಮುಂದೆ ಹೋಯಿತು. ಹಿಂದಿನ ಚಿತ್ರದ ಎಮ್ಮಾ ಫ್ರಾಸ್ಟ್, ಏಂಜೆಲ್, ಅಜೇಜೆಲ್, ಬ್ಯಾನ್ಶೀ ಎಲ್ಲರೂ ಎರಡು ಚಿತ್ರಗಳ ನಡುವಿನ ವರ್ಷಗಳಲ್ಲಿ ಸತ್ತಿದ್ದಾರೆ. ವಿಮಾನದೊಳಗಿನ ಜಗಳದಲ್ಲಿ ಮ್ಯಾಗ್ನೀಟೊ ಅವರ ಹೆಸರು ಕೂಗಿದಾಗಲೇ ನಮಗೆ ತಿಳಿಯುವುದು. ಆದರೂ ಇದನ್ನು ನಾನು ಪೂರ್ತಿ ತಪ್ಪೆನ್ನಲಾರೆ. ಮೈಕಲ್ ಫಾಸ್‌ಬೆಂಡರ್ ಆ ಹೆಸರುಗಳನ್ನು ಕೂಗುವ ರೀತಿಯಲ್ಲಿ ಸಂಕಟವಿದೆ, ಎದುರಿಗಿರುವ ಹಳೆಯ ಗೆಳೆಯ ಚಾರ್ಲ್ಸ್‌ನ ಮೇಲೆ ಆಪಾದನೆಯಿದೆ. ಸತ್ತವರ ಲೆಕ್ಕ ಇಡುವವನು ಒಬ್ಬನಾದರೂ ಇದ್ದಾನೆ.

ಲೆಕ್ಕ ಇಡುವವರೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ‘ಥಾರ್: ರ‍್ಯಾಗ್ನರಾಕ್’ (2017) ಉದಾಹರಣೆ. ತೈಕಾ ವೈಟಿಟಿ ನಿರ್ದೇಶಿಸಿದ ಈ ಚಿತ್ರ ನನಗೆ ಇಷ್ಟ. ಸೊರಗಿದ್ದ ಸರಣಿಗೆ ಉಸಿರು ತುಂಬಿದ್ದು ಅದೇ. ಆದರೆ ಮೊದಲ ಎರಡು ಚಿತ್ರಗಳಲ್ಲಿ ಥಾರ್‌ಗಾಗಿ ತಮ್ಮ ರಾಜನ ಅಪ್ಪಣೆಯನ್ನೇ ಮೀರಿದ ಮೂವರು ಗೆಳೆಯರಿದ್ದರಲ್ಲ, ಫ್ಯಾಂಡ್ರಲ್, ವೋಲ್‌ಸ್ಟ್ಯಾಗ್, ಹೋಗನ್. ಖಳನಾಯಕಿ ಹೆಲಾ ಬಂದವಳೇ ಮೊದಲಿಬ್ಬರನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತಾಳೆ. ಹೋಗನ್‌ಗೆ ಒಂದಿಷ್ಟು ಕಾದಾಡುವ ಅವಕಾಶ ಸಿಗುತ್ತದೆ, ಅಷ್ಟೇ. ಹೆಲಾ ಎಷ್ಟು ಬಲಶಾಲಿ ಎಂದು ತೋರಿಸಲು ಅವರ ಜೀವ ಖರ್ಚಾಯಿತು, ಇರಲಿ. ಥಾರ್ ಮನೆಗೆ ಮರಳಿದ ಮೇಲಾದರೂ ನನ್ನ ಗೆಳೆಯರೆಲ್ಲಿ ಎಂದು ಕೇಳುತ್ತಾನೆಯೇ? ಇಲ್ಲ. ಜೊತೆಗಿದ್ದ ಸಿಫ್ ಎಲ್ಲಿ ಎಂಬ ಪ್ರಶ್ನೆಯೂ ಇಲ್ಲ. ನಟಿ ಜೇಮಿ ಅಲೆಕ್ಸಾಂಡರ್ ಆಗ ದೂರದರ್ಶನ ಸರಣಿಯೊಂದರಲ್ಲಿದ್ದರು ಎಂಬುದು ಹೊರಗಿನ ಕಾರಣ. ಪ್ರೇಯಸಿ ಜೇನ್ ಫಾಸ್ಟರ್ ಅವನನ್ನು ಬಿಟ್ಟುಹೋದ ಸಂಗತಿ ಗೊತ್ತಾಗುವುದು ಬೀದಿಯಲ್ಲಿ ಫೋಟೊ ತೆಗೆಸಿಕೊಳ್ಳಲು ಬಂದ ಹುಡುಗಿಯ ಬಾಯಿಂದ.

ಇದಕ್ಕೆ ಎದುರಾಗಿ ನಾನು ಇಡುವುದು ಎಲ್ಲರೂ ಮೂಗುಮುರಿಯುವ ‘ಥಾರ್: ದ ಡಾರ್ಕ್ ವರ್ಲ್ಡ್’ (2013) ಚಿತ್ರವನ್ನು. ಒಟ್ಟಾರೆ ದುರ್ಬಲ ಚಿತ್ರ, ಖಳನಾಯಕನ ಮುಖವೂ ನೆನಪಿನಲ್ಲಿ ಉಳಿಯುವುದಿಲ್ಲ. ಆದರೆ ಥಾರ್‌ನ ತಾಯಿ ಫ್ರಿಗ್ಗಾ ಅದರಲ್ಲಿ ಕತ್ತಿ ಹಿಡಿದು ಜೇನ್‌ಗೆ ಕಾವಲು ನಿಂತು ಸಾಯುತ್ತಾಳೆ. ಆಕೆಯ ದೋಣಿ ಉರಿಯುತ್ತ ನೀರಿನ ಅಂಚಿಗೆ ಹೋಗುವಾಗ ಇಡೀ ಊರು ದೀಪ ಹಿಡಿದು ನಿಂತಿರುತ್ತದೆ. ಕಾಮಿಡಿ ಇಲ್ಲ, ಅವಸರ ಇಲ್ಲ. ಆರು ವರ್ಷದ ಮೇಲೆ ‘ಅವೆಂಜರ್ಸ್: ಎಂಡ್‌ಗೇಮ್’ನಲ್ಲಿ ಕಾಲದಲ್ಲಿ ಹಿಂದೆ ಸರಿದು ಬಂದ ಥಾರ್ ಆಕೆಯನ್ನು ಮತ್ತೆ ಕಾಣುತ್ತಾನೆ. ಸೋತು, ಊದಿಕೊಂಡು, ಕುಡಿತಕ್ಕೆ ಬಿದ್ದ ಮಗನನ್ನು ಆಕೆ ನೋಡಿದ ಕೂಡಲೇ ಗುರುತಿಸುತ್ತಾಳೆ, ಇವನು ನನ್ನ ಇವತ್ತಿನ ಮಗನಲ್ಲ, ನಾಳೆಯಿಂದ ಬಂದವನು ಎಂದು. ಆ ದೃಶ್ಯ ನಿಂತಿರುವುದು ಹಳೆಯ ಚಿತ್ರ ಸಾವಿಗೆ ಕೊಟ್ಟ ಸಮಯದ ಮೇಲೆ. ಚಿತ್ರ ಒಳ್ಳೆಯದಾದ ಮಾತ್ರಕ್ಕೆ ಪೋಷಕ ಪಾತ್ರಗಳಿಗೆ ನ್ಯಾಯ ಸಿಗುತ್ತದೆ ಎಂದೇನಿಲ್ಲ. ಸಾಧಾರಣ ಚಿತ್ರವೂ ಈ ಒಂದು ವಿಷಯದಲ್ಲಿ ದೊಡ್ಡತನ ತೋರಬಹುದು.

ಹೀಗೆ ಸಾಯುವವರಲ್ಲಿ ಹೆಂಗಸರು ಎಷ್ಟು ಎಂಬುದನ್ನು ಕಾಮಿಕ್ಸ್ ಅಭಿಮಾನಿ ಗೇಲ್ ಸಿಮೋನ್ 1999ರಲ್ಲೇ ಪಟ್ಟಿ ಮಾಡಿದರು. 1994ರ ‘ಗ್ರೀನ್ ಲ್ಯಾಂಟರ್ನ್’ ಸಂಚಿಕೆಯೊಂದರಲ್ಲಿ ನಾಯಕನ ಪ್ರೇಯಸಿಯನ್ನು ಕೊಂದು ರೆಫ್ರಿಜರೇಟರಿನೊಳಗೆ ತುರುಕಿಡಲಾಗಿತ್ತು. ಪಟ್ಟಿಗೆ ಹೆಸರು ಬಂದದ್ದೇ ಅಲ್ಲಿಂದ. ನಾಯಕನಿಗೆ ಸಿಟ್ಟು ಬರಿಸಲು, ದುಃಖ ಕೊಡಲು, ಸೇಡಿಗೆ ಕಾರಣ ಒದಗಿಸಲು ಹೆಣ್ಣಿನ ಜೀವ ತೆಗೆಯುವುದು ಎಷ್ಟು ಮಾಮೂಲಾಗಿದೆ ಎಂದು ಆ ಪಟ್ಟಿ ತೋರಿಸಿತು. ಸಿಮೋನ್ ಮುಂದೆ ತಾವೇ ಕಾಮಿಕ್ಸ್ ಬರೆದು ಹೆಸರಾದರು. ಕ್ರಿಸ್ಟೊಫರ್ ನೋಲನ್ ಅವರ ‘ದ ಡಾರ್ಕ್ ನೈಟ್’ (2008) ಮೇರುಕೃತಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಆದರೂ ರೇಚೆಲ್ ಡಾಸ್ ವಿಷಯದಲ್ಲಿ ಅದು ಈ ಪಟ್ಟಿಗೆ ಸೇರುತ್ತದೆ. ಕೇಟಿ ಹೋಮ್ಸ್ ಬದಲಿಗೆ ಬಂದ ಮ್ಯಾಗಿ ಜಿಲನ್‌ಹಾಲ್ ಆ ಪಾತ್ರಕ್ಕೆ ಬುದ್ಧಿ, ತೂಕ ಎರಡನ್ನೂ ತಂದರು. ಆದರೆ ಸರ್ಕಾರಿ ವಕೀಲೆಯಾಗಿ ಆಕೆಗಿದ್ದ ಕೆಲಸ ಇಬ್ಬರು ಗಂಡಸರ ನಡುವಿನ ಆಯ್ಕೆಯೊಳಗೆ ಕರಗಿಹೋಯಿತು.

ಅದೇ ಚಿತ್ರ ಗಂಡುಪಾತ್ರಗಳ ಮಟ್ಟಿಗೆ ಬೇರೆಯೇ ನಡೆದುಕೊಳ್ಳುತ್ತದೆ. ಇಡೀ ಊರಿನ ಫೋನುಗಳನ್ನು ಕದ್ದಾಲಿಸುವ ಯಂತ್ರವನ್ನು ನೋಡಿದ ಲೂಸಿಯಸ್ ಫಾಕ್ಸ್, ಇದು ತಪ್ಪು, ಇದು ಇರುವವರೆಗೆ ನಾನು ಇಲ್ಲಿರುವುದಿಲ್ಲ ಎಂದು ನಾಯಕನ ಮುಖಕ್ಕೇ ಹೇಳುತ್ತಾನೆ. ಕೆಲಸ ಮುಗಿದ ಮೇಲೆ ತನ್ನ ಹೆಸರು ಒತ್ತಿದಾಗ ಯಂತ್ರ ತಾನಾಗಿ ಹಾಳಾಗುತ್ತದೆ. ಮಾರ್ಗನ್ ಫ್ರೀಮನ್ ತುಸು ನಕ್ಕು ಹೊರನಡೆಯುತ್ತಾರೆ. ಜೋಕರ್ ಬಾಂಬಿಟ್ಟ ಹಡಗಿನಲ್ಲಿ ಮೈತುಂಬ ಹಚ್ಚೆಯ ಕೈದಿಯೊಬ್ಬ ಅಧಿಕಾರಿಯ ಕೈಯಿಂದ ಸ್ವಿಚ್ ಇಸಿದುಕೊಂಡು ಕಿಟಕಿಯಾಚೆ ಎಸೆಯುತ್ತಾನೆ. ಅವನಿಗೆ ಹೆಸರೇ ಇಲ್ಲ. ಟೈನಿ ಲಿಸ್ಟರ್ ಎಂಬ ನಟ ಆ ಒಂದು ನಿಮಿಷದಲ್ಲಿ ಮಾಡಿದ್ದನ್ನು ಬ್ಯಾಟ್‌ಮ್ಯಾನ್ ಇಡೀ ಚಿತ್ರದಲ್ಲಿ ಮಾಡಲಾಗಲಿಲ್ಲ: ಜೋಕರ್‌ನ ವಾದವನ್ನು ಸುಳ್ಳು ಮಾಡಿದ.

ನೋಲನ್ ಅವರ ಮೂರನೇ ಭಾಗದ ಆಲ್ಫ್ರೆಡ್ ನನಗೆ ಈ ಎಲ್ಲರಿಗಿಂತ ಹತ್ತಿರದವನು. ಮೈಕಲ್ ಕೇನ್ ಮಾಡಿದ ಈ ಮನೆಯಾಳಿಗೆ ಒಂದು ಗುಟ್ಟಾದ ಆಸೆಯಿದೆ. ಪ್ರತಿವರ್ಷ ರಜೆಯಲ್ಲಿ ಫ್ಲಾರೆನ್ಸ್ ನಗರದ ಕೆಫೆಯೊಂದರಲ್ಲಿ ಕೂತು, ಎದುರಿನ ಮೇಜಿನಲ್ಲಿ ಬ್ರೂಸ್ ವೇನ್ ಹೆಂಡತಿ ಮಕ್ಕಳ ಜೊತೆ ಕಂಡಂತೆ, ಇಬ್ಬರೂ ಮಾತಾಡದೆ ಸುಮ್ಮನೆ ನೋಡಿಕೊಂಡಂತೆ ಆತ ಕಲ್ಪಿಸಿಕೊಳ್ಳುತ್ತಿದ್ದ. ನೀನು ಈ ಊರಿಗೆ ಮರಳಿ ಬರಲೇಬಾರದು ಎಂದು ಬಯಸಿದ್ದೆ ಎನ್ನುತ್ತಾನೆ. ಅಂದರೆ ಇಡೀ ಸರಣಿಯ ನಾಯಕ ಮಾಡುತ್ತಿರುವ ಸಾಹಸವೇ ಅವನಿಗೆ ಬೇಕಿಲ್ಲ. ನಾವು ದುಡ್ಡು ಕೊಟ್ಟು ನೋಡಲು ಬಂದದ್ದೇ ನಡೆಯಬಾರದು ಎಂದು ಬೇಡಿಕೊಳ್ಳುವ ಪಾತ್ರ! ಅದಕ್ಕೇ ಆತ ತಾನು ಮುಚ್ಚಿಟ್ಟಿದ್ದ ರೇಚೆಲ್‌ಳ ಪತ್ರದ ಸತ್ಯ ಹೇಳಿ, ಬೈಸಿಕೊಂಡು, ಮನೆ ಬಿಟ್ಟು ಹೋಗುವ ದೃಶ್ಯಕ್ಕೆ ಮುಂದಿನ ಹೊಡೆದಾಟಗಳಿಗಿಲ್ಲದ ಪೆಟ್ಟಿದೆ.

ಇತ್ತೀಚೆಗೆ ಹೊಸ ರೂಢಿಯೊಂದು ಬಂದಿದೆ, ಪೋಷಕ ಪಾತ್ರಕ್ಕೆ ಬಡ್ತಿ ಕೊಡುತ್ತೇವೆಂದು ಅವರಿಗೂ ಒಂದು ಕವಚ ತೊಡಿಸಿಬಿಡುವುದು. ಕಂಪನಿ ನಡೆಸುತ್ತಿದ್ದ ಪೆಪ್ಪರ್ ಪಾಟ್ಸ್ ‘ಎಂಡ್‌ಗೇಮ್’ನಲ್ಲಿ ಲೋಹದ ಉಡುಪು ತೊಟ್ಟು ಹಾರುತ್ತಾಳೆ. ಖಗೋಳ ವಿಜ್ಞಾನಿ ಜೇನ್ ಫಾಸ್ಟರ್ 2022ರಲ್ಲಿ ಸುತ್ತಿಗೆ ಹಿಡಿಯುತ್ತಾಳೆ. ನೋಡಲು ಖುಷಿಯೇ. ಆದರೆ ಬದುಕು ಕೊಡಬೇಕಾದ ಕಡೆ ಶಕ್ತಿ ಕೊಟ್ಟು ಕೈತೊಳೆದುಕೊಳ್ಳುವ ಉಪಾಯವಾಗಿಯೂ ಇದು ಬಳಕೆಯಾಗುತ್ತಿದೆ. ‘ಬ್ಲ್ಯಾಕ್ ಪ್ಯಾಂಥರ್: ವಕಾಂಡ ಫಾರೆವರ್’ (2022) ಎಂಬ ಒಂದೇ ಚಿತ್ರದಲ್ಲಿ ಎರಡನ್ನೂ ಕಾಣಬಹುದು. ನಾಯಕನಟ ಚಾಡ್ವಿಕ್ ಬೋಸ್‌ಮನ್ 2020ರ ಆಗಸ್ಟ್‌ನಲ್ಲಿ ತೀರಿಕೊಂಡರು. ನಿರ್ದೇಶಕ ರಯಾನ್ ಕೂಗ್ಲರ್ ಬೇರೆ ನಟನನ್ನು ಹುಡುಕಲಿಲ್ಲ. ಹಾಗಾಗಿ ಹಿಂದಿನ ಚಿತ್ರದ ಪೋಷಕ ಪಾತ್ರಗಳೇ, ತಾಯಿ, ತಂಗಿ, ಸೇನಾಪತಿ, ಇಡೀ ಕಥೆಯನ್ನು ಹೊರಬೇಕಾಯಿತು. ರಾಣಿ ರಮೋಂಡಾ ಸೇನಾಪತಿ ಒಕೋಯೆಯನ್ನು ಪದಚ್ಯುತಗೊಳಿಸುವ ದೃಶ್ಯದಲ್ಲಿ ಏಂಜೆಲಾ ಬ್ಯಾಸೆಟ್ ಗಂಡನನ್ನೂ ಮಗನನ್ನೂ ಕಳೆದುಕೊಂಡ ಹೆಂಗಸಿನ ಕೋಪವನ್ನು ಹಿಡಿದು ನಿಲ್ಲಿಸುತ್ತಾರೆ. ಎದುರಿಗೆ ನಿಂತ ದನಾಯ್ ಗುರಿರಾ ಕುಗ್ಗುತ್ತಾರೆ. ಬ್ಯಾಸೆಟ್‌ಗೆ ಪೋಷಕ ನಟಿ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಮಾರ್ವೆಲ್ ಸ್ಟುಡಿಯೋಸ್ ಚಿತ್ರವೊಂದರ ನಟನೆಗೆ ಅದು ಮೊದಲನೆಯದು. ಅಷ್ಟು ದೊಡ್ಡ ಅವಮಾನ ಉಂಡ ಒಕೋಯೆಗೆ ಚಿತ್ರ ಕೊನೆಯಲ್ಲಿ ಕೊಡುವುದೇನು? ಹಾರುವ ನೀಲಿ ಕವಚ. ಆಕೆಗೆ ಬೇಕಿದ್ದದ್ದು ಒಂದು ಸಂಭಾಷಣೆ.

ಸಣ್ಣ ಪಾತ್ರಕ್ಕೆ ಸಣ್ಣದಾಗಿಯೇ ನ್ಯಾಯ ಒದಗಿಸಬಹುದು. ಜೇಮ್ಸ್ ಗನ್ ಅವರ ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ ಸರಣಿಯಲ್ಲಿ ಕ್ರಾಗ್ಲಿನ್ ಎಂಬ ಹಡಗಿನ ಆಳಿದ್ದಾನೆ. ಎರಡನೇ ಭಾಗದಲ್ಲಿ ಅವನ ಯಜಮಾನ ಯೊಂಡು ಸಾಯುತ್ತಾನೆ; ಶಿಳ್ಳೆ ಹೊಡೆದರೆ ಹಾರುವ ಅವನ ಬಾಣ ಕ್ರಾಗ್ಲಿನ್‌ಗೆ ಬರುತ್ತದೆ. ಮೂರನೇ ಭಾಗದ (2023) ಬಹುಪಾಲು ಅದನ್ನು ಸರಿಯಾಗಿ ಹಾರಿಸಲು ಅವನಿಗೆ ಬರುವುದೇ ಇಲ್ಲ. ಹಾರಿಸಲು ಕಲಿಯುವುದೇ ಅವನ ಇಡೀ ಕಥೆ, ಚಿತ್ರದಲ್ಲಿ ಅದಕ್ಕೆ ಸಿಗುವುದು ಕೆಲವೇ ನಿಮಿಷ, ಅಷ್ಟು ಸಾಕು. ‘ಐರನ್ ಮ್ಯಾನ್ 3’ರಲ್ಲಿ ಟೆನೆಸಿಯ ಹುಡುಗ ಹಾರ್ಲಿ ತನ್ನ ಗ್ಯಾರೇಜಿನಲ್ಲಿ ನಾಯಕ ಟೋನಿ ಸ್ಟಾರ್ಕ್‌ಗೆ ಆಶ್ರಯ ಕೊಡುತ್ತಾನೆ. ಆರು ವರ್ಷದ ಮೇಲೆ ‘ಎಂಡ್‌ಗೇಮ್’ನಲ್ಲಿ ಸ್ಟಾರ್ಕ್‌ನ ಅಂತ್ಯಕ್ರಿಯೆಗೆ ನೆರೆದ ಮಹಾಮಹಿಮರ ನಡುವೆ ಒಬ್ಬ ಎಳೆಯ ಹುಡುಗ ಒಂಟಿಯಾಗಿ ನಿಂತಿರುತ್ತಾನೆ. ಎಷ್ಟೋ ಜನರಿಗೆ ಇವನು ಯಾರೆಂದೇ ಗೊತ್ತಾಗಲಿಲ್ಲ. ಅದೇ ನಟ ಟೈ ಸಿಂಪ್‌ಕಿನ್ಸ್, ಅದೇ ಹಾರ್ಲಿ, ಎತ್ತರವಾಗಿ ಬೆಳೆದಿದ್ದ. ಒಂದೇ ಒಂದು ಮಾತಿಲ್ಲದ ಆ ಹಾಜರಿಗೆ ಯಾರೋ ನಟನನ್ನು ಮತ್ತೆ ಕರೆಸಿ, ದಿನ ಗೊತ್ತುಮಾಡಿ, ಆ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಸಂಬಂಧ ಮರೆಯದ ಚಿತ್ರತಂಡ ಮಾಡುವ ಕೆಲಸ ಅದು.

ಗ್ವೆನ್ ಸ್ಟೇಸಿಯ ಸಾಲ ತೀರಲು ಇನ್ನೂ ಹೆಚ್ಚು ಸಮಯ ಹಿಡಿಯಿತು. 1973ರಲ್ಲಿ ಕಾಮಿಕ್ಸ್‌ನ 121ನೇ ಸಂಚಿಕೆಯಲ್ಲಿ ಸ್ಪೈಡರ್‌ಮ್ಯಾನ್‌ನ ಈ ಪ್ರೇಯಸಿ ಸೇತುವೆಯಿಂದ ಬಿದ್ದಳು. ಬಲೆ ತಲುಪಿತು, ಜೀವ ಉಳಿಯಲಿಲ್ಲ. ‘ದ ಅಮೇಜಿಂಗ್ ಸ್ಪೈಡರ್‌ಮ್ಯಾನ್ 2’ (2014) ಅದನ್ನೇ ಗಡಿಯಾರ ಗೋಪುರದೊಳಗೆ ತೋರಿಸಿತು. ಎಮ್ಮಾ ಸ್ಟೋನ್ ಮಾಡಿದ ಗ್ವೆನ್‌ಗೆ ಆಕ್ಸ್‌ಫರ್ಡ್‌ಗೆ ಹೋಗುವ ತನ್ನದೇ ಗುರಿ ಇತ್ತು. ಹಾಗಾಗಿಯೇ ಆ ಸಾವು ನೋಯಿಸಿತು. ಆದರೆ ಮುಂದಿನ ಖಳರ ದಂಡಿಗೆ ಪೀಠಿಕೆ ಹಾಕುವ ಆತುರದಲ್ಲಿ ಚಿತ್ರ ಬೇಗನೆ ಎದ್ದು ಹೊರಟಿತು, ಆ ಸರಣಿಯೇ ಅಲ್ಲಿಗೆ ನಿಂತಿತು. ಏಳು ವರ್ಷದ ನಂತರ ‘ನೋ ವೇ ಹೋಮ್’ನಲ್ಲಿ ಇನ್ನೊಬ್ಬ ಸ್ಪೈಡರ್‌ಮ್ಯಾನ್‌ನ ಗೆಳತಿ ಎಂಜೆ ಎತ್ತರದಿಂದ ಬೀಳುತ್ತಾಳೆ. ಹಾರಿ ಹಿಡಿಯುವುದು ಆಂಡ್ರ್ಯೂ ಗಾರ್‌ಫೀಲ್ಡ್, ಗ್ವೆನ್‌ಳನ್ನು ಹಿಡಿಯಲಾಗದಿದ್ದವನು. ನೆಲಕ್ಕಿಳಿಸಿ, ಸರಿಯಾಗಿದ್ದೀಯಾ ಎಂದು ಕೇಳುವಾಗ ಅವನ ಗಲ್ಲ ನಡುಗುತ್ತದೆ. ಗ್ವೆನ್ ಹೆಸರನ್ನು ಅಲ್ಲಿ ಯಾರೂ ಎತ್ತುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಒಂದು ಚಿತ್ರ ಈ ಪ್ರಶ್ನೆಯನ್ನೇ ಕಥಾವಸ್ತು ಮಾಡಿಕೊಂಡಿತು. 2023ರ ಜೂನ್‌ನಲ್ಲಿ ಭಾರತದಲ್ಲಿ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ತೆರೆಕಂಡ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’. ಲೆಕ್ಕವಿಲ್ಲದಷ್ಟು ಲೋಕಗಳು, ಒಂದೊಂದರಲ್ಲೂ ಒಬ್ಬ ಸ್ಪೈಡರ್‌ಮ್ಯಾನ್. ಎಲ್ಲರ ಕಥೆಯಲ್ಲೂ ಆಪ್ತನಾದ ಪೊಲೀಸ್ ಕ್ಯಾಪ್ಟನ್ ಒಬ್ಬ ಸಾಯಲೇಬೇಕು, ಅದು ವಿಧಿ, ತಡೆದರೆ ಲೋಕವೇ ಕುಸಿಯುತ್ತದೆ ಎನ್ನುತ್ತಾನೆ ಅವರ ಮುಖಂಡ ಮಿಗೆಲ್ ಒಹಾರಾ. ಮುಂಬಟ್ಟನ್ ಎಂಬ ನಗರದಲ್ಲಿ ಪವಿತ್ರ್ ಪ್ರಭಾಕರ್ ಎಂಬ ನಮ್ಮ ಕಡೆಯ ಸ್ಪೈಡರ್‌ಮ್ಯಾನ್ ಇದ್ದಾನೆ. ಅವನ ಗೆಳತಿ ಗಾಯತ್ರಿಯ ತಂದೆ ಇನ್‌ಸ್ಪೆಕ್ಟರ್ ಸಿಂಗ್ ಸಾಯಬೇಕಾದ ಗಳಿಗೆಯಲ್ಲಿ ನಾಯಕ ಮೈಲ್ಸ್ ಮೊರಾಲೆಸ್ ನುಗ್ಗಿ ಉಳಿಸಿಬಿಡುತ್ತಾನೆ. ಮುಂದಿನ ಸರದಿ ತನ್ನ ಅಪ್ಪ ಜೆಫ್‌ನದು ಎಂದು ತಿಳಿದಾಗ ಮೈಲ್ಸ್ ಒಪ್ಪುವುದಿಲ್ಲ. ಅವನ ಜೊತೆ ಜಗಳಕ್ಕೆ ನಿಂತಿರುವುದು ಬೇರೇನೂ ಅಲ್ಲ, ಅರವತ್ತು ವರ್ಷಗಳ ಕಥೆ ಕಟ್ಟುವ ರೂಢಿ. ಅತ್ತ, ಈ ಚಿತ್ರದಲ್ಲಿ ತಾನೇ ಜೇಡಶಕ್ತಿ ಪಡೆದಿರುವ ಗ್ವೆನ್ ತನ್ನ ಲೋಕಕ್ಕೆ ಮರಳಿದರೆ ಅವಳ ಅಪ್ಪ ಕ್ಯಾಪ್ಟನ್ ಸ್ಟೇಸಿ ಕೆಲಸಕ್ಕೇ ರಾಜೀನಾಮೆ ಕೊಟ್ಟಿದ್ದಾನೆ. ಕ್ಯಾಪ್ಟನ್ನೇ ಅಲ್ಲವೆಂದ ಮೇಲೆ ವಿಧಿ ಯಾರನ್ನು ಕೊಲ್ಲುತ್ತದೆ? ಲೋಕ ತಿದ್ದುವ ಈ ಹೆಜ್ಜೆ ಇಟ್ಟದ್ದು ಒಬ್ಬ ಪೋಷಕ ಪಾತ್ರ, ಯಾವ ಶಕ್ತಿಯೂ ಇಲ್ಲದೆ.

ಮೈಲ್ಸ್‌ನ ತಾಯಿ ರಿಯೋಳಿಗೆ ಮಾತ್ರ ಇದ್ಯಾವುದೂ ಗೊತ್ತಿಲ್ಲ. ಮಾಳಿಗೆಯ ಮೇಲೆ ನಿಂತು, ನೀನು ಎಲ್ಲಿಗೇ ಹೋದರೂ ನನ್ನ ಆ ಪುಟ್ಟ ಹುಡುಗನನ್ನು ಜೋಪಾನವಾಗಿ ನೋಡಿಕೋ ಎಂದು ಮಗನಿಗೆ ಹೇಳಿ ಕಳಿಸಿದವಳು ಆಕೆ. ಕೊನೆಯಲ್ಲಿ ಮೈಲ್ಸ್ ಅಂತೂ ಧೈರ್ಯ ಮಾಡಿ ತಾನೇ ಸ್ಪೈಡರ್‌ಮ್ಯಾನ್ ಎಂದು ಅಮ್ಮನಿಗೆ ಹೇಳುತ್ತಾನೆ, ಆದರೆ ಅದು ತಪ್ಪು ಲೋಕ, ಎದುರಿಗಿರುವುದು ಬೇರೆ ರಿಯೋ, ಸ್ಪೈಡರ್‌ಮ್ಯಾನ್ ಅಂದರೆ ಯಾರು ಎಂದು ಕೇಳುವವಳು. ಮೂರನೇ ಭಾಗ ‘ಬಿಯಾಂಡ್ ದ ಸ್ಪೈಡರ್‌ವರ್ಸ್’ 2027ಕ್ಕೆ ನಿಗದಿಯಾಗಿದೆ. ಜೆಫ್ ಉಳಿಯುತ್ತಾನೋ ಇಲ್ಲವೋ ಎಂಬ ಕುತೂಹಲ ಎಲ್ಲರಿಗೂ ಇದೆ. ನಿಜವಾದ ರಿಯೋಗೆ ಮಗ ವಿಷಯ ಹೇಳುವ ದೃಶ್ಯ ಅದರಲ್ಲಿ ಇರಬೇಕು. ಆಕೆ ಬೈಯಲಿ, ಅಳಲಿ, ಕೆನ್ನೆಗೊಂದು ಬಿಡಲಿ. ನೂರೆಂಟು ಸ್ಪೈಡರ್‌ಮ್ಯಾನ್‌ಗಳ ಹಾರಾಟದಲ್ಲಿ ಆ ತಾಯಿಯ ಮಾತಿಗೆ ಚಿತ್ರ ಪೂರ್ತಿ ಹತ್ತು ನಿಮಿಷ ಕೊಡಬೇಕು.